ಕೊಬ್ಬರಿ ಕಾಯುತ್ತದೆ, ಬೆಕ್ಕು ಕಾಯುವುದಿಲ್ಲ

ನಮ್ಮ ತಿಪಟೂರು ಸೀಮೆಯವರಿಗೆ ಕಾಯುವುದೇ ಕಸುಬು. ಕಿತ್ತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅವಸರಪಟ್ಟು ಸುಲಿದವನಿಗೇ ನಷ್ಟ. ಇದೇ ಬುದ್ಧಿಯನ್ನು ಬೆಕ್ಕಿನ ವಿಷಯದಲ್ಲೂ ತೋರಿಸಿ ನಾನು ಕೆಂಚನನ್ನು ಕಳೆದುಕೊಂಡೆ.

ಕೆಂಚ ಅಟ್ಟದ ಇಲಿಗಳ ಕಾಟಕ್ಕೆಂದು ಸಾಕಿದ ಗಂಡು ಬೆಕ್ಕು. ನಾಲ್ಕು ವರ್ಷದವನು. ಒಂದು ಸಂಜೆ ಹಿತ್ತಲ ಮರಳುಗುಡ್ಡೆಯಲ್ಲಿ ಗುಂಡಿ ತೋಡಿ ಕೂತ, ಎದ್ದ, ಎರಡು ಮಾರು ಆಚೆ ಹೋಗಿ ಮತ್ತೆ ಕೂತ. ಕತ್ತಲಾಗುವವರೆಗೂ ಇದೇ ಆಟ. ತಿಣುಕುತ್ತಿದ್ದ, ಹಿಂದಕ್ಕೆ ಬಾಗಿ ನೆಕ್ಕಿಕೊಳ್ಳುತ್ತಿದ್ದ. 'ಪಾಪ, ಹೊಟ್ಟೆ ಕಟ್ಕೊಂಡೈತೆ ಕಣ್ರೀ' ಎಂದಳು ನನ್ನ ಹೆಂಡತಿ. ಹರಳೆಣ್ಣೆ ಕುಡಿಸಿದೆ. ರಾತ್ರಿಯೆಲ್ಲ ಕೂಗಿದ. ಮಾರನೆಯ ದಿನ ಕೊಬ್ಬರಿ ಹರಾಜಿತ್ತು. ಅದನ್ನು ಮುಗಿಸಿಕೊಂಡು ಬಂದು ನೋಡಿದರೆ ವಾಂತಿ ಮಾಡಿಕೊಂಡು ಒಲೆಯ ಮೂಲೆಯಲ್ಲಿ ಬಿದ್ದಿದ್ದ.

ಹತ್ತಿರದ ದನದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆ. ಹೊಟ್ಟೆ ಮುಟ್ಟಿದ ಕೂಡಲೇ ಡಾಕ್ಟ್ರಿಗೆ ಗೊತ್ತಾಯಿತು. ಕಟ್ಟಿದ್ದು ಕಕ್ಕಸಲ್ಲ, ಉಚ್ಚೆ. ಮೂತ್ರಚೀಲ ಸಣ್ಣ ಕಿತ್ತಳೆಯಷ್ಟು ಊದಿ ಕಲ್ಲಾಗಿತ್ತು. ಬೆಕ್ಕಿಗೆ ತೂರುವಷ್ಟು ಸಪೂರ ನಳಿಕೆ ಅವರ ಬಳಿ ಇರಲಿಲ್ಲ. ಸುಮಾರು 70 ಕಿಲೋಮೀಟರ್ ದೂರದ ತುಮಕೂರಿಗೆ ಹೊರಟೆವು. ಗುಬ್ಬಿ ದಾಟುವ ಮೊದಲೇ ನನ್ನ ತೊಡೆಯ ಮೇಲೆ ಕೆಂಚ ತಣ್ಣಗಾದ.

ಆಮೇಲೆ ಕೇಳಿ ತಿಳಿದುಕೊಂಡೆ. ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಗೆ ಹೋದಂತೆ ತೀರಾ ಸಪೂರ. ಹೆಣ್ಣಿನದು ಗಿಡ್ಡ, ಅಗಲ. ಹಾಗಾಗಿ ಈ ಕಂಟಕ ಗಂಡಿಗೇ ಹೆಚ್ಚು. ಲೋಳೆಯೂ ಹರಳಿನ ಪುಡಿಯೂ ಸೇರಿ ಬಿರಡೆಯಂತೆ ಕೂರುತ್ತವೆ. ಒಮ್ಮೊಮ್ಮೆ ಕಲ್ಲು ಸಿಕ್ಕಿಕೊಳ್ಳುತ್ತದೆ, ಒಮ್ಮೊಮ್ಮೆ ಉರಿಯೂತಕ್ಕೆ ನಾಳವೇ ಬಿಗಿಯುತ್ತದೆ. ಉಚ್ಚೆ ಒಳಗೇ ನಿಂತರೆ ಮೂತ್ರಪಿಂಡದ ಕೆಲಸ ಕೆಡುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಎದೆಬಡಿತ ಹಳಿ ತಪ್ಪುತ್ತದೆ. ಪೂರ್ತಿ ಕಟ್ಟಿಕೊಂಡರೆ 24ರಿಂದ 48 ಗಂಟೆಯೊಳಗೇ ಜೀವಕ್ಕೆ ಕುತ್ತು. ನಾನು ಹರಳೆಣ್ಣೆಗೂ ಹರಾಜಿಗೂ ಕಳೆದದ್ದು ಆ ಗಂಟೆಗಳನ್ನೇ.

ಹಸುವಿಗೆ ಹೊಟ್ಟೆಯುಬ್ಬರವಾದರೆ ನಡುರಾತ್ರಿಯಲ್ಲೂ ಡಾಕ್ಟ್ರ ಬಾಗಿಲು ಬಡಿಯುತ್ತೇವೆ. ಅವರನ್ನು ಕರೆಯುವುದೇ ದನದ ಡಾಕ್ಟ್ರು ಎಂದು. ಹಾಲು ಕೊಡುವುದು ನಮ್ಮ ಲೆಕ್ಕದಲ್ಲಿದೆ, ಹಾಲು ಕುಡಿಯುವುದು ಇಲ್ಲ. ಆಸ್ಪತ್ರೆಯ ಬೀರುವೂ ಅದೇ ಲೆಕ್ಕದಲ್ಲಿ ತುಂಬುತ್ತದೆ. ತಾಲ್ಲೂಕಿಗೊಂದು ಆಸ್ಪತ್ರೆಯಲ್ಲಾದರೂ ಬೆಕ್ಕಿನ ನಳಿಕೆ ನಾಲ್ಕಾರು ಇರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಗೋಡೆಯ ಮೇಲೆ ಕಾಲುಬಾಯಿ ಜ್ವರದ ಲಸಿಕೆಯ ಚೀಟಿಯ ಪಕ್ಕ ಒಂದೇ ಸಾಲು ಬರೆದರೂ ಸಾಕು: ಗಂಡು ಬೆಕ್ಕು ತಿಣುಕುತ್ತಿದೆ, ಉಚ್ಚೆ ಬರುತ್ತಿಲ್ಲ ಎಂದಾದರೆ ಇಂದೇ, ಈಗಲೇ ತನ್ನಿ.

ಆದರೆ ಮೊದಲ ಕೆಲಸ ಮನೆಯವರದೇ. ಪದೇ ಪದೇ ಕೂತು ಏಳುವುದು, ಹನಿ ಹನಿಯಾಗಿ ಅಥವಾ ರಕ್ತ ಬೆರೆತು ಬರುವುದು, ಕೂಗುವುದು, ಒಂದೇ ಸಮ ನೆಕ್ಕಿಕೊಳ್ಳುವುದು ಕಂಡರೆ ಮನೆಮದ್ದಿಗೆ ಹೊತ್ತು ಹಾಕಬೇಡಿ. ಹೊಟ್ಟೆ ಒತ್ತಿ ಉಚ್ಚೆ ಬರಿಸಲು ಹೋಗಬೇಡಿ, ಚೀಲ ಒಡೆದೀತು. ನೋವೆಂದು ನಮ್ಮ ಮಾತ್ರೆ ಕೊಡಬೇಡಿ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಈಗ ಮನೆಯಲ್ಲಿರುವವನು ಮಾರ. ಹೋದ ವರ್ಷ ಒಂದು ಬೆಳಿಗ್ಗೆ ಅವನೂ ಅದೇ ಮರಳುಗುಡ್ಡೆಯಲ್ಲಿ ಮೂರನೇ ಸಲ ಕೂತ. ಅಂದೂ ಹರಾಜಿತ್ತು. ಮೂಟೆಗಳನ್ನು ಮಗನಿಗೆ ಬಿಟ್ಟು, ನಳಿಕೆ ಇದೆಯೇ ಎಂದು ತುಮಕೂರಿನ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿಕೊಂಡೇ ಹೊರಟೆ. ಮಂಪರು ಕೊಟ್ಟು ನಳಿಕೆ ಹಾಕಿದರು, ಡ್ರಿಪ್ ಏರಿಸಿದರು, ಮೂರು ದಿನ ಇಟ್ಟುಕೊಂಡರು. ಮತ್ತೆ ಕಟ್ಟಬಹುದು ಎಂದು ಎಚ್ಚರಿಸಿಯೇ ಕಳಿಸಿದರು. ಈಗ ಅವನ ಊಟಕ್ಕೆಲ್ಲ ನೀರು ಬೆರೆಸುತ್ತೇವೆ, ಮೂರು ಕಡೆ ನೀರಿನ ಬಟ್ಟಲಿಟ್ಟಿದ್ದೇವೆ. ಆ ಮೂರು ದಿನದ ಬಿಲ್ಲು ಎಷ್ಟಾಯಿತೆಂದು ಊರವರು ಕೇಳುತ್ತಾರೆ. ಹೇಳಿದರೆ ನಗುತ್ತಾರೆ. ನಗಲಿ.

ಬೆಕ್ಕು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂದು ನಮ್ಮಜ್ಜಿ ಹೇಳುತ್ತಿದ್ದರು. ಅದು ದೊಣ್ಣೆಯಲ್ಲಿ ಹೊಡೆದು ಕೊಂದವರ ಲೆಕ್ಕ. ಹರಾಜು ಮುಗಿಸಿ ಬರುತ್ತೇನೆ ಎಂದು ಕೊಂದವರಿಗೆ ಏನು ಪ್ರಾಯಶ್ಚಿತ್ತ ಎಂದು ಅಜ್ಜಿ ಹೇಳಿಹೋಗಲಿಲ್ಲ. ಈ ಬರಹವನ್ನು ಆ ಬಾಬ್ತಿಗೆ ಜಮಾ ಮಾಡಿಕೊಳ್ಳಿ.