ಕುಣಿಯುವ ಕಾರು, ನೋಯುವ ಬೆನ್ನು: ಎಫ್‌ಐಎ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಮೊಹಮ್ಮದ್ ಬೆನ್ ಸುಲಾಯೆಮ್ ಅವರೇ,

ನಮ್ಮ ಗ್ಯಾರೇಜುಗಳಲ್ಲಿ ಶಾಕ್ ಅಬ್ಸಾರ್ಬರ್ ಪರೀಕ್ಷಿಸಲು ಯಂತ್ರ ಬೇಡ. ಬಾನೆಟ್ಟನ್ನು ಎರಡೂ ಕೈಯಿಂದ ಅದುಮಿ ಬಿಡುತ್ತಾರೆ. ಕಾರು ಒಮ್ಮೆ ಎದ್ದು ಕೂತರೆ ಸರಿ. ತೂಗಾಡುತ್ತಲೇ ಇದ್ದರೆ ಶಾಕ್ ಹೋಗಿದೆ ಎಂದರ್ಥ. 2022ರ ಜೂನ್‌ನಲ್ಲಿ ಬಾಕು ಟ್ರ್ಯಾಕ್‌ನಲ್ಲಿ ಫಾರ್ಮುಲಾ ಒನ್ ಕಾರುಗಳೇ ಹಾಗೆ ಕುಣಿದವು. ನಾಲ್ಕನೆಯವರಾಗಿ ಬಂದ ಲೂಯಿಸ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಕಾರಿಳಿದರು. ಹದಿನಾಲ್ಕು ಸಲ ಮಧ್ಯಪ್ರಾಚ್ಯ ರ‍್ಯಾಲಿ ಚಾಂಪಿಯನ್ ಆದ ತಮಗೆ ಆ ನೋವನ್ನು ಬಿಡಿಸಿ ಹೇಳಬೇಕಿಲ್ಲ.

ಆ ವರ್ಷದ ಕಾರುಗಳಿಗೆ ಹಿಡಿತ ಬರುತ್ತಿದ್ದುದು ಬಹುಪಾಲು ತಳದಡಿ ಹರಿಯುವ ಗಾಳಿಯಿಂದ. ತಳ ನೆಲಕ್ಕೆ ಹತ್ತಿರವಾದಷ್ಟೂ ಸೆಳೆತ ಹೆಚ್ಚು. ತೀರಾ ತಗ್ಗಿದರೆ ಹರಿವು ಕಡಿದು ಕಾರು ಮೇಲೇಳುತ್ತದೆ, ಮತ್ತೆ ಕುಸಿಯುತ್ತದೆ. ವಿಚಿತ್ರವೆಂದರೆ ಅದೇ ವರ್ಷದ ನಿಯಮಾವಳಿ ಸಸ್ಪೆನ್ಷನ್ನಿನ ಇನರ್ಟರ್ ಎಂಬ ಭಾಗವನ್ನೂ ಕಿತ್ತುಹಾಕಿತ್ತು. ಸ್ಪ್ರಿಂಗ್ ಎಷ್ಟು ಒತ್ತಿತು ಎಂಬುದಕ್ಕೆ ಸ್ಪಂದಿಸುತ್ತದೆ, ಡ್ಯಾಂಪರ್ ಎಷ್ಟು ವೇಗವಾಗಿ ಒತ್ತಿತು ಎಂಬುದಕ್ಕೆ. ಆ ವೇಗವೇ ಬದಲಾಗುವಾಗ ತಡೆಯೊಡ್ಡುವುದು ಇನರ್ಟರ್. ಕೇಂಬ್ರಿಜ್‌ನ ಮಾಲ್ಕಮ್ ಸ್ಮಿತ್ ರೂಪಿಸಿದ ಇದನ್ನು ಕಟ್ಟಿಕೊಂಡೇ 2005ರಲ್ಲಿ ಕಿಮಿ ರೈಕೊನೆನ್ ಸ್ಪೇನ್‌ನಲ್ಲಿ ಗೆದ್ದದ್ದು.

2022ರ ಆ ನಿಷೇಧಕ್ಕೂ ಹಿಂದಿನದೊಂದು ಕಹಿ ನೆನಪಿದೆ. ಮೂತಿಯೊಳಗೆ ಸ್ಪ್ರಿಂಗುಗಳ ನಡುವೆ ಭಾರವೊಂದನ್ನು ತೂಗಿಬಿಟ್ಟು ರೆನೋ ತಂಡ ಕಾರಿನ ಕುಲುಕಾಟ ತಣಿಸಿತ್ತು. 2006ರಲ್ಲಿ ಹಾಕೆನ್‌ಹೈಮ್‌ನ ಸ್ಟೀವರ್ಡ್‌ಗಳು ತಪ್ಪಿಲ್ಲವೆಂದರು. ತಮ್ಮ ಸಂಸ್ಥೆಯೇ ಮೇಲ್ಮನವಿ ಹೋಗಿ ಅದನ್ನು ನಿಲ್ಲಿಸಿತು. ನೆಗಡಿಯಾಯಿತೆಂದು ಮೂಗು ಕೊಯ್ದಂತಾಯಿತು.

ಇನರ್ಟರ್ ಇದ್ದಿದ್ದರೆ ಬಾಕುವಿನ ಕುಣಿತ ಪೂರ್ತಿ ನಿಲ್ಲುತ್ತಿತ್ತು ಎನ್ನಲಾರೆ. ಆದರೆ ಹತೋಟಿಯ ದಾರಿಯೊಂದಂತೂ ಮುಚ್ಚಿತ್ತು. 2022ರ ಬೆಲ್ಜಿಯಂ ರೇಸಿನಿಂದ ತಾವು ಕುಣಿತಕ್ಕೆ ಅಳತೆಗೋಲು ತಂದಿರಿ, 2023ರಲ್ಲಿ ತಳದ ಅಂಚನ್ನು 15 ಮಿಲಿಮೀಟರ್ ಎತ್ತರಿಸಿದಿರಿ. ಅಂದರೆ ಇದು ಚಾಲಕರ ಆರೋಗ್ಯದ ಪ್ರಶ್ನೆ ಎಂದು ಒಪ್ಪಿದಂತಾಯಿತು. 2026ರಲ್ಲಿ ತಳ ಚಪ್ಪಟೆಯಾಯಿತು ಎಂದು ಕಡತ ಮುಚ್ಚಬೇಡಿ. ರಸ್ತೆಯ ಉಬ್ಬುತಗ್ಗು, ಕರ್ಬ್‌ಗಳ ಹೊಡೆತ ಎಲ್ಲಿಗೂ ಹೋಗಿಲ್ಲ. ಆ ಹೊಡೆತ ಸ್ಟೀರಿಂಗ್ ಹಿಡಿದ ಮಣಿಕಟ್ಟಿಗೂ ಮುಟ್ಟುತ್ತದೆ.

ನನ್ನ ಕೋರಿಕೆ ಎರಡು. ಮೊದಲನೆಯದು, ಕುಲುಕಾಟಕ್ಕೆ ಸೀಟಿನಲ್ಲೂ ಸ್ಟೀರಿಂಗ್‌ನಲ್ಲೂ ಮಿತಿ ಗೊತ್ತುಮಾಡಿ. ಎರಡನೆಯದು, ಎಲ್ಲ ತಂಡಗಳಿಗೂ ಒಂದೇ ಮಾದರಿಯ ಇನರ್ಟರ್ ಕೊಡಿಸಿ. ಖರ್ಚಿನ ಪೈಪೋಟಿ ಶುರುವಾಗುತ್ತದೆಂಬ ಭಯ ಬೇಡ: 2008ರಿಂದ ಎಲ್ಲ ಕಾರುಗಳಲ್ಲೂ ಒಂದೇ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಓಡುತ್ತಿಲ್ಲವೇ? ಮಿದುಳನ್ನೇ ಸಮನಾಗಿ ಹಂಚಿದವರಿಗೆ ಬೆನ್ನೆಲುಬಿನ ಕಾವಲು ಹಂಚುವುದು ಕಷ್ಟವಲ್ಲ.

ಇಂತಿ,
ಬೆಂಗಳೂರಿನ ಒಬ್ಬ ರೇಸ್ ಅಭಿಮಾನಿ