ಗಾಜಿನ ಮನೆಯ ಹೂವಿಗೆ ಊರಿಲ್ಲವೇ?

2024ರ ಜನವರಿಯಲ್ಲಿ ಮಳವಳ್ಳಿ ಕಡೆಯ ನಮ್ಮ ದೊಡ್ಡಪ್ಪನನ್ನು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ರೈಲು, ಮೆಜೆಸ್ಟಿಕ್‌ನಿಂದ ಮೆಟ್ರೊ. ದೊಡ್ಡಪ್ಪ ನಲವತ್ತು ವರ್ಷದಿಂದ ಬೇಸಾಯ ಮಾಡುತ್ತಿದ್ದಾರೆ. ಅರ್ಧ ಎಕರೆಯಲ್ಲಿ ಚೆಂಡುಹೂ, ಸೇವಂತಿಗೆ ಹಾಕುತ್ತಾರೆ. ಲಾಲ್‌ಬಾಗ್ ನೋಡಿದ್ದು ಅವತ್ತೇ ಮೊದಲು.

ಆ ಸಲದ ವಿಷಯ ಬಸವಣ್ಣ ಮತ್ತು ವಚನ ಸಾಹಿತ್ಯ. ಗಾಜಿನ ಮನೆಯೊಳಗೆ ಹೂವಿನಲ್ಲೇ ಅನುಭವ ಮಂಟಪ ಎದ್ದಿತ್ತು. ಸುತ್ತ ಜನವೋ ಜನ, ಎಲ್ಲರ ಕೈಯಲ್ಲೂ ಮೊಬೈಲು. ನಾನೂ ಫೋಟೊ ತೆಗೆದೆ. ಎಷ್ಟು ಹೂ, ಎಷ್ಟು ಎತ್ತರ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ದೊಡ್ಡಪ್ಪ ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದರು:

"ಚೆನ್ನಾಗದೆ ಕಣ್ಲಾ ಮಗ. ಈ ಹೂವ ಯಾವೂರ್ದು? ಕೆಜಿಗೆ ಏನ್ ಕೊಟ್ಟವ್ರೆ?"

ನನಗೆ ಗೊತ್ತಿರಲಿಲ್ಲ. ಪತ್ರಿಕೋದ್ಯಮ ಓದಿದವನು ನಾನು. ಹೂವಿನ ಲೆಕ್ಕ ಬರೆದುಕೊಂಡಿದ್ದೆ, ಬೆಳೆದವರ ಊರನ್ನು ಯಾರನ್ನೂ ಕೇಳಿರಲಿಲ್ಲ. ಇದು ನನ್ನ ತಪ್ಪು. ಆದರೆ ನನ್ನೊಬ್ಬನದೇ ಅಲ್ಲ ಎಂಬುದಕ್ಕೆ ಈ ಲೇಖನ.

ಪ್ರತಿ ವರ್ಷ ಗಣರಾಜ್ಯೋತ್ಸವಕ್ಕೆ ಒಮ್ಮೆ, ಸ್ವಾತಂತ್ರ್ಯ ದಿನಕ್ಕೆ ಒಮ್ಮೆ ಈ ಪ್ರದರ್ಶನ ನಡೆಯುತ್ತದೆ. 2023ರ ಆಗಸ್ಟ್‌ನಲ್ಲಿ ಕೆಂಗಲ್ ಹನುಮಂತಯ್ಯ ಮತ್ತು ವಿಧಾನಸೌಧ. 2024ರ ಆಗಸ್ಟ್‌ನಲ್ಲಿ ಅಂಬೇಡ್ಕರ್. ಪ್ರತಿ ಸಲವೂ ಸುದ್ದಿ ಒಂದೇ ಅಚ್ಚಿನಲ್ಲಿ ಬರುತ್ತದೆ: ಎಷ್ಟು ಲಕ್ಷ ಹೂ, ಎಷ್ಟು ಅಡಿ ಎತ್ತರ, ಎಷ್ಟು ಜನ ಬಂದರು, ಟಿಕೆಟ್ ಹಣ ಎಷ್ಟಾಯಿತು. ಆ ಲಕ್ಷ ಹೂ ಯಾರ ಹೊಲದ್ದು, ಅವರಿಗೆ ಸಿಕ್ಕಿದ್ದೆಷ್ಟು ಎಂಬ ಸಾಲನ್ನು ನಾವು ಬರೆಯುವುದಿಲ್ಲ. ಓದುವವರೂ ಕೇಳುವುದಿಲ್ಲ.

ಅನುಭವ ಮಂಟಪವನ್ನೇ ತೆಗೆದುಕೊಳ್ಳಿ. ಅಲ್ಲಿದ್ದ ಶರಣರನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ? ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಬಟ್ಟೆ ಒಗೆದವರು, ದೋಣಿ ನಡೆಸಿದವರು, ಹಗ್ಗ ಹೊಸೆದವರು, ಅಕ್ಕಿ ಆಯ್ದವರು. ಎಂಟುನೂರು ವರ್ಷ ದಾಟಿದರೂ ಅವರ ಕಾಯಕ ಅವರ ಹೆಸರಿಗೆ ಅಂಟಿಕೊಂಡೇ ಇದೆ. ಅಂಥವರ ಮಂಟಪವನ್ನು ಹೂವಿನಲ್ಲಿ ಕಟ್ಟುವಾಗ ಹೂ ಬೆಳೆದವರ ಹೆಸರು ಬೇಡವೇ?

ಗಾಜಿನ ಮನೆಗೂ ಒಂದು ಚರಿತ್ರೆ ಇದೆ. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಆಗ ತೋಟದ ಉಸ್ತುವಾರಿ ಜಾನ್ ಕ್ಯಾಮರಾನ್ ಅವರದು. ಒಂದು ಕಲ್ಲಿಟ್ಟು ಹೋದ ರಾಜಕುಮಾರನ ಹೆಸರು ಇವತ್ತಿಗೂ ಉಳಿದಿದೆ. ತಿಂಗಳುಗಟ್ಟಲೆ ನೀರು ಹಾಯಿಸಿ, ಔಷಧಿ ಹೊಡೆದು, ಮುಂಜಾನೆ ಮಂಜಿನಲ್ಲಿ ಹೂ ಬಿಡಿಸಿದವರ ಹೆಸರು ಹತ್ತು ದಿನವೂ ಉಳಿಯುವುದಿಲ್ಲ.

ಹೆಸರು ಹಾಕುವುದು ಲಾಲ್‌ಬಾಗಿಗೆ ಹೊಸದೇನಲ್ಲ. ಅಲ್ಲಿ ಡಾ. ಎಂ.ಎಚ್. ಮರೀಗೌಡರ ಹೆಸರಿನ ಸ್ಮಾರಕ ಭವನವಿದೆ. ಮಳವಳ್ಳಿಗೆ ಹತ್ತಿರದ ಬನ್ನೂರು ಸೀಮೆಯವರು, ಹಾರ್ವರ್ಡ್‌ನಲ್ಲಿ ಓದಿ ಬಂದು ರಾಜ್ಯದ ತೋಟಗಾರಿಕೆಯನ್ನು ಕಟ್ಟಿದವರು. ಬೆಳೆಗಾರನಿಗೆ ನ್ಯಾಯದ ಬೆಲೆ ಸಿಗಲೆಂದು 1959ರಲ್ಲಿ ಶುರುವಾದ ಸಹಕಾರ ಸಂಘವೇ ಇವತ್ತಿನ ಹಾಪ್‌ಕಾಮ್ಸ್. ಅದರ ಹಿಂದೆಯೂ ಅವರಿದ್ದರು. ಅವರ ಹೆಸರಿರುವ ತೋಟದಲ್ಲಿ ಬೆಳೆಗಾರನ ಬೆಲೆಯ ಮಾತು ಎತ್ತಿದರೆ ಯಾರಿಗೂ ಬೇಸರವಾಗಬಾರದು.

ಇನ್ನು ಹೊರದೇಶದ ಮಾತು. ಅಲ್ಲಿನ ಸಸ್ಯತೋಟಗಳಲ್ಲಿ ಗಾಜಿನ ಶಿಲ್ಪಗಳ ಪ್ರದರ್ಶನ ನಡೆಯುತ್ತದೆ. ಅಮೆರಿಕದ ಡೇಲ್ ಚಿಹುಲಿ ಎಂಬ ಕಲಾವಿದರ ಗಾಜಿನ ಹೂ, ಗಾಜಿನ ಬಳ್ಳಿಗಳನ್ನು ಲಂಡನ್ನಿನ ಕ್ಯೂ ತೋಟದಲ್ಲಿ 2005ರಲ್ಲೂ 2019ರಲ್ಲೂ ಇಟ್ಟಿದ್ದರು. ಜನ ಆ ಹೆಸರು ನೋಡಿಯೇ ಟಿಕೆಟ್ ತೆಗೆದುಕೊಂಡರು. ಬೆಂಕಿಯಲ್ಲಿ ಕಾಯಿಸಿ ಊದಿದ ಹೂವಿಗೆ ಮಾಡಿದವರ ಹೆಸರಿದೆ. ಮಣ್ಣಿನಲ್ಲಿ ಬೆಳೆದ ಹೂವಿಗೆ ಯಾಕಿರಬಾರದು?

"ಮಾರುಕಟ್ಟೆಯಿಂದ ಬರುವ ಹೂವಿನಲ್ಲಿ ನೂರಾರು ಜನರದ್ದು ಸೇರಿರುತ್ತದೆ, ಯಾರ ಹೆಸರು ಹಾಕುವುದು?" ಎನ್ನಬಹುದು. ನಮ್ಮ ಊರಿನ ಹಾಲಿನ ಡೈರಿಗೆ ಬನ್ನಿ. ಅರ್ಧ ಲೀಟರ್ ಹಾಲು ಹಾಕಿದವರಿಗೂ ಲೆಕ್ಕ ಇದೆ. ಫ್ಯಾಟ್ ಎಷ್ಟು, ರೇಟು ಎಷ್ಟು ಎಂದು ಚೀಟಿ ಬರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಲಾರಿ ತೂಗಿದರೆ ಚೀಟಿಯಲ್ಲಿ ಕಬ್ಬಿನ ಒಡೆಯನ ಹೆಸರಿರುತ್ತದೆ. ಹಾಲು, ಕಬ್ಬಿಗೆ ಆಗುವುದು ಹತ್ತು ದಿನದ ಪ್ರದರ್ಶನದ ಹೂವಿಗೆ ಆಗದೇ? ನೇರವಾಗಿ ಬೆಳೆಗಾರರಿಂದಲೇ ಕೊಂಡರೆ ಲೆಕ್ಕ ಇನ್ನೂ ಸುಲಭ.

"ಕಲೆಯ ಪಕ್ಕದಲ್ಲಿ ಕೆಜಿ ರೇಟು ಹಾಕಿದರೆ ಅಂದ ಕೆಡುತ್ತದೆ" ಎನ್ನುವವರೂ ಇದ್ದಾರೆ. ಅವರಿಗೆ ದೊಡ್ಡಪ್ಪನ ಕಥೆ ಹೇಳುತ್ತೇನೆ. ಒಂದು ವರ್ಷ ಆಯುಧಪೂಜೆಗೆ ಚೆಂಡುಹೂವಿಗೆ ಒಳ್ಳೆಯ ಬೆಲೆ ಇತ್ತು. ಹಬ್ಬ ಮುಗಿದ ವಾರಕ್ಕೆ ಬಿಡಿಸಿದ ಕೂಲಿಯೂ ಹುಟ್ಟಲಿಲ್ಲ. ಮೂಟೆ ಕಟ್ಟಿ ಪೇಟೆಗೆ ಹೊತ್ತು ಹೋದವರು ಬಸ್ ಚಾರ್ಜನ್ನೂ ಕೈಯಿಂದ ಹಾಕಿಕೊಂಡು ಬಂದರು. ಮಾರನೇ ದಿನ ಹೊಲಕ್ಕೆ ಕುರಿ ಬಿಟ್ಟರು. ಹೂವಿನ ಹೊಲದಲ್ಲಿ ಕುರಿ ಮೇಯುವುದೂ ನೋಡಲು ಅಂದವಾಗಿಯೇ ಇತ್ತು. ಫೋಟೊ ತೆಗೆಯಲು ಅಲ್ಲಿಗೆ ಯಾರೂ ಬರಲಿಲ್ಲ.

ಹೂವಿನ ಕಲಾಕೃತಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಹಗಲು ನಿಂತು ಒಂದೊಂದೇ ಹೂ ಚುಚ್ಚಿ ಕಟ್ಟುವವರದ್ದೂ ಕಷ್ಟದ ಕೆಲಸ. ಅವರ ಹೆಸರೂ ಬರಲಿ. ಹಳ್ಳಿ ಮಕ್ಕಳು ಬಸ್ಸು ಹತ್ತಿ ಹೋಗಿ ನೋಡಲಿ, ಖುಷಿಪಡಲಿ. ಆದರೆ ಮನೆಯ ಹಿತ್ತಿಲಲ್ಲಿ ಅಮ್ಮ ಬೆಳೆದ ಹೂವೇ ಅಲ್ಲಿ ಮಂಟಪವಾಗಿದೆ ಎಂಬುದು ಆ ಮಕ್ಕಳಿಗೆ ತಿಳಿಯಬೇಕು.

ಮಳವಳ್ಳಿಯವರಿಗೆ ಈ ಸಂಕಟ ಹೊಸದಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಆಮೇಲೆ ಬೆಂಗಳೂರಿಗೆ. ಕಾವೇರಿ ನೀರು ಬೆಂಗಳೂರಿಗೆ ಏರುವುದು ನಮ್ಮ ತೊರೆಕಾಡನಹಳ್ಳಿಯಿಂದ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್ ಲೆಕ್ಕದಲ್ಲಿ. ನಲ್ಲಿ ತಿರುಗಿಸುವ ಎಷ್ಟು ಜನರಿಗೆ ತೊರೆಕಾಡನಹಳ್ಳಿಯ ಹೆಸರು ಗೊತ್ತು? ನೀರಾಗಲಿ, ಹೂವಾಗಲಿ, ನಗರ ತಲುಪುವ ಹೊತ್ತಿಗೆ ಊರಿನ ಹೆಸರು ಉದುರಿ ಹೋಗಿರುತ್ತದೆ. ಊರಿನ ಹೆಸರೇ ಗೊತ್ತಿಲ್ಲದಿದ್ದರೆ ಆ ಊರಿನ ಕಷ್ಟ ಯಾರಿಗೆ ಗೊತ್ತಾಗುತ್ತದೆ?

ನಾನು ಕೇಳುವುದು ಒಂದೇ ಒಂದು ಬೋರ್ಡು. ಪ್ರತಿ ಹೂವಿನ ಕಲಾಕೃತಿಯ ಪಕ್ಕದಲ್ಲಿ ಮೂರು ಸಾಲು: ಹೂ ಯಾವ ಊರಿನದು, ಬೆಳೆದವರು ಯಾರು, ಅವರ ಕೈಗೆ ಸಿಕ್ಕ ಬೆಲೆ ಎಷ್ಟು. ಲಾಲ್‌ಬಾಗಿನವರೆಗೆ ಕಾಯಬೇಕಿಲ್ಲ. ಮಂಡ್ಯದಲ್ಲೂ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಅಲ್ಲಿಂದಲೇ ಶುರುವಾಗಲಿ.

ನನ್ನ ಜೊತೆ ಓದಿದ ಗೆಳೆಯ ಗೆಳತಿಯರಿಗೂ ಒಂದು ಮಾತು. ಮುಂದಿನ ಸಲ ಪ್ರದರ್ಶನದ ವರದಿಗೆ ಹೋದಾಗ ಹೂವಿನ ಸಂಖ್ಯೆ ಬರೆದುಕೊಳ್ಳುವ ಮೊದಲು ದೊಡ್ಡಪ್ಪನ ಎರಡು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ.

ನೀವು ಹೂ ಬೆಳೆಯುವವರಾದರೆ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ನಿಂತು, ಗಟ್ಟಿಯಾಗಿ ಕೇಳಿ: "ಈ ಹೂವ ಯಾವೂರ್ದು?" ಹತ್ತು ಜನ ಕೇಳಿದರೆ ಬೋರ್ಡು ತಾನಾಗಿ ಬರುತ್ತದೆ.