ಎಡಿನ್‌ಬರೋ ಕೋಟೆಯ ಹಗ್ಗದ ಏಣಿ

ಕೋಟೆಯೊಂದು ವೈರಿಯ ಕೈಸೇರದೆ ಉಳಿಯಿತೆಂದು ಓದಿದೊಡನೆ ನಾವು ಕಾವಲಿನವರ ಶೌರ್ಯವನ್ನು ಕೊಂಡಾಡತೊಡಗುತ್ತೇವೆ. ಸ್ಕಾಟ್ಲೆಂಡಿನ ಎಡಿನ್‌ಬರೋ ಕೋಟೆಯಲ್ಲಿ 1715ರ ಸೆಪ್ಟೆಂಬರ್ 8ರ ರಾತ್ರಿ ನಡೆದುದರಲ್ಲಿ ಅಂತಹ ಶೌರ್ಯವೇನೂ ನಮಗೆ ಕಾಣದು.

ಕಡಿದಾದ ಬಂಡೆಯ ಮೇಲೆ ಮಧ್ಯಯುಗದಿಂದ ನಿಂತಿರುವ ದುರ್ಗವದು. 1314ರಲ್ಲಿ ತಾಮಸ್ ರಾಂಡಾಲ್ಫನು ಸುಮಾರು ಮೂವತ್ತು ಜನರೊಡನೆ ಇರುಳಿನಲ್ಲಿ ಆ ಬಂಡೆಯನ್ನೇರಿ, ಆಂಗ್ಲರಿಂದ ಅದನ್ನು ಕಿತ್ತುಕೊಂಡಿದ್ದನು. ನಾಲ್ಕು ಶತಮಾನಗಳ ಬಳಿಕ, ಒಂದನೆಯ ಜಾರ್ಜನನ್ನು ಒಪ್ಪದೆ ಜೇಮ್ಸ್ ಸ್ಟೂಅರ್ಟನಿಗಾಗಿ ದಂಗೆಯೆದ್ದ ಜಾಕೊಬೈಟರೂ ಬಂಡೆಯನ್ನೇ ಹತ್ತಬಯಸಿದರು. ಆದರೆ ಒಳಗಿನವರನ್ನು ಕೊಂಡುಕೊಂಡು. ವಿಲಿಯಂ ಐನ್ಸ್‌ಲಿ ಎಂಬ ಸಾರ್ಜೆಂಟನಿಗೆ ಅಧಿಕಾರಿಯ ಪದವಿಯ ಆಸೆ, ಇಬ್ಬರು ಸಿಪಾಯಿಗಳಿಗೆ ಹಣ. ಕೆಳಗಿನಿಂದ ಕೊಟ್ಟ ಹಗ್ಗದ ಏಣಿಯನ್ನು ಇವರು ಮೇಲಕ್ಕೆಳೆದು ಬಿಗಿಯಬೇಕು. ಲಾರ್ಡ್ ಡ್ರಮಂಡನ ಜನ ಹತ್ತಬೇಕು.

ಆ ಜನರಾದರೋ ಮದ್ಯದಂಗಡಿಯಲ್ಲಿ ಹೊತ್ತು ಕಳೆದರು. ಏಣಿಯ ಉಳಿದ ತುಂಡನ್ನು ತರಬೇಕಾದವನು ವೇಳೆಗೆ ಬರಲಿಲ್ಲ. ಇದ್ದ ಏಣಿ ಸಾಲಲಿಲ್ಲ. ಅಷ್ಟರಲ್ಲಿ ಗಸ್ತಿನವರು ಬಂದರು. ಐನ್ಸ್‌ಲಿ ಹಗ್ಗವನ್ನು ಕೈಬಿಟ್ಟನು; ಕೆಳಗಿದ್ದವರು ಚದುರಿ ಓಡಿದರು, ಕೆಲವರು ಸೆರೆಸಿಕ್ಕರು.

ಕುಡಿತವೇ ಕೋಟೆಯನ್ನುಳಿಸಿತೆಂದು ಹೇಳುವುದುಂಟು. ಮಾತು ರಂಜಕವಾಗಿದೆ, ಆದರೆ ನಾವು ಅದನ್ನು ಪೂರ್ತಿಯಾಗಿ ಒಪ್ಪಲಾರೆವು. ಸಂಚು ಅದಕ್ಕೆ ಮೊದಲೇ ಸೋರಿಹೋಗಿತ್ತು. ಸಂಚುಗಾರನೊಬ್ಬನು ವೈದ್ಯನಾದ ತನ್ನ ಸೋದರನಿಗೆ ಗುಟ್ಟನ್ನು ಹೇಳಿದ್ದನು. ವೈದ್ಯನಿಂದ ಅದನ್ನರಿತ ಹೆಂಡತಿ ಹೆಸರಿಲ್ಲದ ಪತ್ರವೊಂದನ್ನು ನ್ಯಾಯಾಧಿಕಾರಿಗೆ ಕಳುಹಿದಳು. ಕೋಟೆಗೆ ಎಚ್ಚರಿಕೆ ಮುಟ್ಟಿದಾಗ ಅಲ್ಲಿಯ ಉಪಾಧಿಪತಿ ಮಾಡಿದುದೇನು? ಕಾವಲು ಬಿಗಿಮಾಡಿರೆಂದು ಅಪ್ಪಣೆಯಿತ್ತು ಮಲಗಿಕೊಂಡನು! ಆತನು ಹುದ್ದೆ ಕಳೆದುಕೊಂಡುದು ಸರಿಯೆಂದೇ ನಮ್ಮ ಭಾವನೆ.

ಗಂಡನ ನಂಬಿಕೆಯನ್ನು ಮುರಿದ ಆಕೆಯೂ ದ್ರೋಹಿಯಲ್ಲವೇ ಎಂದು ಯಾರಾದರೂ ಕೇಳಬಹುದು. ನಿದ್ರಿಸುವವರ ಮೇಲೆ ಕತ್ತಲಲ್ಲಿ ಕತ್ತಿ ಬೀಳುವುದನ್ನು ತಿಳಿದೂ ಸುಮ್ಮನಿರುವುದು ಯಾವ ನಿಷ್ಠೆ? ನಾವು ಆಕೆಯ ಪಕ್ಷದವರು.

ಐನ್ಸ್‌ಲಿಯ ತಪ್ಪು ಸಣ್ಣದಲ್ಲ. ತನ್ನನ್ನು ನಂಬಿ ಮಲಗಿದ್ದ ಸಂಗಡಿಗರನ್ನೇ ಅವನು ಮಾರಿದನು. ಆದರೆ ದ್ರೋಹಿ ಎಂಬ ಹೆಸರು ಕೊಂಡವರಿಗೆ ಅಂಟದೆ ಮಾರಿಕೊಂಡವನಿಗೆ ಮಾತ್ರ ಅಂಟುವುದೇಕೆ? ಐನ್ಸ್‌ಲಿಯನ್ನು ಗಲ್ಲಿಗೇರಿಸಿದರು. ಲಾರ್ಡ್ ಡ್ರಮಂಡನು ತಪ್ಪಿಸಿಕೊಂಡು ದಂಗೆಯ ಸೈನ್ಯವನ್ನು ಸೇರಿದನು. ಅದು ಸೋತಮೇಲೆ 1716ರಲ್ಲಿ ಹಡಗನ್ನೇರಿ ಫ್ರಾನ್ಸಿಗೆ ಹೊರಟುಹೋದನು.